ಫ್ಯಾನ್ ಸುಮ್ನೆ ನಿಂತಿದ್ದಾಗಲೂ ಸವೆಯುತ್ತದೆ

ಕಾರ್ಖಾನೆಗೆ ದೊಡ್ಡ ಫ್ಯಾನ್ ಬಂದು ಇಳಿಯುವ ದಿನಕ್ಕೂ ಅದು ಮೊದಲ ಸಲ ತಿರುಗುವ ದಿನಕ್ಕೂ ನಡುವೆ ಎಷ್ಟೋ ಸಲ ತಿಂಗಳುಗಟ್ಟಲೆ ಅಂತರ ಇರುತ್ತದೆ. ಕಟ್ಟಡ ಮುಗಿದಿರುವುದಿಲ್ಲ, ಫೌಂಡೇಶನ್ ಹಾಕಿರುವುದಿಲ್ಲ, ಡಕ್ಟ್ (ಗಾಳಿ ಸಾಗುವ ಕೊಳವೆ) ಬಂದಿರುವುದಿಲ್ಲ, ಕೇಬಲ್ ಎಳೆದಿರುವುದಿಲ್ಲ. ಫ್ಯಾನ್ ಮಾತ್ರ ಎಲ್ಲರಿಗಿಂತ ಮೊದಲು ಬಂದು ಮೂಲೆಯಲ್ಲಿ ಕೂತಿರುತ್ತದೆ. ಎಲ್ಲರ ಲೆಕ್ಕದಲ್ಲಿ ಅದು ಹೊಸ ಮಾಲು. ಓಡೇ ಇಲ್ಲ, ಅದಕ್ಕೇನಾಗುತ್ತೆ ಅಂತ ಯಾರೂ ತಿರುಗಿ ನೋಡುವುದಿಲ್ಲ.

ಆಗುತ್ತದೆ. ಚಾಲೂ ಮಾಡಿದ ಕೆಲವೇ ವಾರಕ್ಕೆ ಕೂಗೋಕೆ ಶುರು ಮಾಡುವ ಫ್ಯಾನ್‌ಗಳನ್ನು ಬಿಚ್ಚಿ ನೋಡಿದಾಗಲೆಲ್ಲ ನನಗೆ ಕಾಣುವುದು ಎರಡೇ ಕಾರಣ. ಒಂದೋ ಇಟ್ಟ ರೀತಿ ಸರಿಯಿಲ್ಲ, ಇಲ್ಲವೇ ಕೂರಿಸಿದ ರೀತಿ ಸರಿಯಿಲ್ಲ. ಫ್ಯಾನ್ ತಯಾರಿಸಿದವರನ್ನು ಬೈಯುವುದು ಸುಲಭ. ಆದರೆ ಅಲ್ಲಿಂದ ಸರಿಯಾಗಿ ಬಂದಿದ್ದ ಮಾಲು ನಮ್ಮ ಕೈಯಲ್ಲಿ ಕೆಟ್ಟಿರುವುದೇ ಜಾಸ್ತಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಬೇರಿಂಗ್ ವಿಷಯ. ಗೋಡೌನಿನಲ್ಲಿ ಬಹಳ ದಿನ ನಿಂತಿದ್ದ ಫ್ಯಾನಿನ ಬೇರಿಂಗ್ ಬಿಚ್ಚಿ, ಗ್ರೀಸ್ ಒರೆಸಿ, ಹೊರಗಿನ ರಿಂಗನ್ನು ಬೆಳಕಿಗೆ ಹಿಡಿದು ನೋಡಿ. ಕನ್ನಡಿಯ ಹಾಗೆ ಹೊಳೆಯಬೇಕಾದ ದಾರಿಯಲ್ಲಿ ಸಣ್ಣ ಸಣ್ಣ ಮಂಕು ಗುರುತುಗಳು ಕಾಣುತ್ತವೆ. ಒಂದರಿಂದ ಇನ್ನೊಂದಕ್ಕೆ ಇರುವ ದೂರ ಅಳೆದರೆ, ಎರಡು ಗುಂಡುಗಳ ನಡುವಿನ ದೂರ ಎಷ್ಟೋ ಅಷ್ಟೇ ಇರುತ್ತದೆ. ಗುಂಡುಗಳು ಎಲ್ಲಿ ನಿಂತಿದ್ದವೋ ಅಲ್ಲೇ ಗುರುತು ಬಿದ್ದಿದೆ. ಅದೂ ಕೆಳಭಾಗದಲ್ಲೇ ಜಾಸ್ತಿ, ಯಾಕೆಂದರೆ ಇಂಪೆಲ್ಲರ್ (ಗಾಳಿ ದೂಡುವ ಬ್ಲೇಡುಗಳ ಚಕ್ರ) ಮತ್ತು ಶಾಫ್ಟಿನ ಭಾರ ಎಲ್ಲ ಅಲ್ಲಿ ಕೂತಿರುತ್ತದೆ. ಉಗುರಿನಿಂದ ಗೀರಿದರೆ ಕೆಲವು ಸಲ ಅಂಚು ತಾಗುತ್ತದೆ, ಕೆಲವು ಸಲ ಬರೀ ಕಂದು ಪುಡಿ ಕೈಗೆ ಹತ್ತುತ್ತದೆ.

ಇದು ಹೇಗಾಗುತ್ತದೆ ಅಂದರೆ, ಫ್ಯಾನ್ ನಿಂತಿದ್ದರೂ ನೆಲ ನಿಂತಿರುವುದಿಲ್ಲ. ಪಕ್ಕದಲ್ಲಿ ಕಂಪ್ರೆಸರ್ ಓಡುತ್ತಿರುತ್ತದೆ, ಆಚೆ ಪ್ರೆಸ್ ಹೊಡೆಯುತ್ತಿರುತ್ತದೆ, ಹೊರಗೆ ಲಾರಿಗಳು ಓಡಾಡುತ್ತಿರುತ್ತವೆ. ಆ ನಡುಕ ಬೇರಿಂಗಿಗೆ ತಲುಪಿ, ಗುಂಡು ಇದ್ದಲ್ಲೇ ಕಣ್ಣಿಗೆ ಕಾಣದಷ್ಟು ಹಿಂದೆ ಮುಂದೆ ಉಜ್ಜುತ್ತದೆ. ತಿರುಗುವಾಗಲಾದರೆ ಗುಂಡು ತನ್ನ ಜೊತೆ ಗ್ರೀಸನ್ನು ಎಳೆದುಕೊಂಡು ಹೋಗುತ್ತದೆ, ನಡುವೆ ಎಣ್ಣೆಯ ಪದರ ಇರುತ್ತದೆ. ನಿಂತಲ್ಲೇ ಉಜ್ಜಿದರೆ ಇರುವ ಗ್ರೀಸೂ ಪಕ್ಕಕ್ಕೆ ಸರಿದು ಲೋಹಕ್ಕೆ ಲೋಹ ತಾಗುತ್ತದೆ. ಉದುರಿದ ಕಬ್ಬಿಣದ ಕಣ ತುಕ್ಕಾಗಿ ಮತ್ತೆ ಉಜ್ಜೋಕೆ ಶುರು ಮಾಡುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಫ್ಯಾನ್ ಒಂದು ಸುತ್ತೂ ಓಡುವ ಮೊದಲೇ ಬೇರಿಂಗಿನ ಆಯಸ್ಸು ಮುಗಿದಿರುತ್ತದೆ.

ಇದಕ್ಕೆ ಮದ್ದು ದುಡ್ಡಿನದ್ದಲ್ಲ. ತಿಂಗಳಿಗೆ ಒಮ್ಮೆಯಾದರೂ ಶಾಫ್ಟನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ, ಮೊದಲು ನಿಂತಿದ್ದ ಜಾಗ ಬಿಟ್ಟು ಬೇರೆ ಜಾಗದಲ್ಲಿ ನಿಲ್ಲಿಸಬೇಕು. ಹತ್ತು ಸುತ್ತು ಯಾಕೆ ಅಂದರೆ ಗ್ರೀಸ್ ಮತ್ತೆ ಎಲ್ಲ ಕಡೆ ಹರಡಬೇಕು. ಬೇರೆ ಜಾಗ ಯಾಕೆ ಅಂದರೆ ಅದೇ ಜಾಗದ ಮೇಲೆ ಮತ್ತೆ ಭಾರ ಬೀಳಬಾರದು. ಪುಲ್ಲಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿಟ್ಟರೆ ಸಾಕು, ಈ ತಿಂಗಳು ಗೆರೆ ಮೇಲಿದ್ದರೆ ಮುಂದಿನ ತಿಂಗಳು ಪಕ್ಕಕ್ಕೆ ಬರಲಿ. ಒಂದು ಚೀಟಿಯಲ್ಲಿ ತಾರೀಖು, ಯಾರು ತಿರುಗಿಸಿದರು, ಗೆರೆ ಎಲ್ಲಿ ನಿಂತಿತು ಅಂತ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ಯಾನಿಗೇ ಕಟ್ಟಿ. ಆಫೀಸಿನ ರಿಜಿಸ್ಟರಿನಲ್ಲಿ ಮಾತ್ರ ಬರೆದ ಕೆಲಸ ಎರಡನೇ ತಿಂಗಳಿಗೇ ಮರೆತುಹೋಗುತ್ತದೆ, ಇದನ್ನು ಎಷ್ಟು ಕಡೆ ನೋಡಿಲ್ಲ!

ಅಂದ ಹಾಗೆ, ಕೂರಿಸಿ ಆದ ಮೇಲೂ ಈ ಕಾಟ ಇರುತ್ತದೆ. ಎರಡು ಫ್ಯಾನ್ ಅಕ್ಕಪಕ್ಕ ಇದ್ದು, ಒಂದು ಓಡುತ್ತಾ ಇನ್ನೊಂದು ಸ್ಟ್ಯಾಂಡ್‌ಬೈ ಅಂತ ನಿಂತಿದ್ದರೆ, ಓಡುವ ಫ್ಯಾನಿನ ನಡುಕ ನಿಂತ ಫ್ಯಾನಿನ ಬೇರಿಂಗನ್ನು ತಿನ್ನುತ್ತದೆ. ಬೇಕಾದ ದಿನ ಆನ್ ಮಾಡಿದರೆ ಅದೇ ಮೊದಲು ಕೈ ಕೊಡುತ್ತದೆ. ಹಾಗಾಗಿ ಎರಡನ್ನೂ ಸರದಿಯ ಮೇಲೆ ಓಡಿಸಿ.

ತೇವ ಎರಡನೇ ಶತ್ರು. ಇಲ್ಲಿ ಒಳ್ಳೆಯ ಉದ್ದೇಶದಿಂದ ಮಾಡುವ ಒಂದು ಕೆಲಸವೇ ಜಾಸ್ತಿ ಹಾನಿ ಮಾಡುತ್ತದೆ. ಫ್ಯಾನನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದ ಹಾಗೆ ಸುತ್ತಿ ಬಿಡುತ್ತಾರೆ. ಹಗಲು ಬಿಸಿಯಾದಾಗ ಒಳಗಿನ ಗಾಳಿ ತೇವ ಹಿಡಿದುಕೊಳ್ಳುತ್ತದೆ, ರಾತ್ರಿ ತಣ್ಣಗಾದಾಗ ಆ ತೇವ ಹನಿಯಾಗಿ ಲೋಹದ ಮೇಲೆ ಕೂರುತ್ತದೆ, ಹೊರಗೆ ಹೋಗೋಕೆ ದಾರಿ ಇಲ್ಲ. ಮಳೆಯಲ್ಲಿ ನೆನೆದ ಫ್ಯಾನ್ ಬಿಸಿಲಿಗೆ ಒಣಗುತ್ತದೆ, ಹೀಗೆ ಸುತ್ತಿದ ಫ್ಯಾನ್ ದಿನಾ ನೆನೆಯುತ್ತಲೇ ಇರುತ್ತದೆ. ಸಾಧ್ಯವಾದರೆ ಒಳಗೆ, ಒಣಗಿದ ಜಾಗದಲ್ಲಿ, ನೆಲಕ್ಕೆ ತಾಗದ ಹಾಗೆ ಮರದ ದಿಮ್ಮಿಗಳ ಮೇಲೆ ಇಡಿ. ಹೊರಗೇ ಇಡಬೇಕಾಗಿ ಬಂದರೆ ಮೇಲಿನಿಂದ ತಾರ್ಪಾಲು ಹೊದಿಸಿ, ಕೆಳಗಿನಿಂದ ಗಾಳಿ ಆಡುವಷ್ಟು ಬಿಡಿ. ಇನ್‌ಲೆಟ್ (ಗಾಳಿ ಒಳಬರುವ) ಮತ್ತು ಔಟ್‌ಲೆಟ್ (ಹೊರಹೋಗುವ) ಬಾಯಿಗಳನ್ನು ಪ್ಲೈವುಡ್ಡಿನಿಂದ ಮುಚ್ಚಿ, ಇಲ್ಲದಿದ್ದರೆ ಇಲಿ, ಹಕ್ಕಿ, ಕಸ ಎಲ್ಲ ಒಳಗೆ ಮನೆ ಮಾಡುತ್ತವೆ. ಕೇಸಿಂಗಿನ (ಇಂಪೆಲ್ಲರ್ ಸುತ್ತಲಿನ ಕವಚದ) ತಳದಲ್ಲಿ ನೀರು ಹೋಗುವ ತೂತು ಇದ್ದರೆ ಅದು ಕಟ್ಟಿಕೊಂಡಿಲ್ಲ ಅಂತ ನೋಡಿಕೊಳ್ಳಿ.

ಮೋಟಾರಿಗೆ ಇನ್ನೂ ಸ್ವಲ್ಪ ಜಾಸ್ತಿ ಗಮನ ಬೇಕು. ಕೇಬಲ್ ಹೋಗುವ ತೂತುಗಳಿಗೆ ಬಿರಡೆ ಹಾಕಿದೆಯಾ ನೋಡಿ, ಟರ್ಮಿನಲ್ ಬಾಕ್ಸಿನ ಮುಚ್ಚಳ ಬಿಗಿಯಾಗಿರಲಿ. ಮೋಟಾರಿನ ನೀರು ಇಳಿಯುವ ತೂತು ಯಾವಾಗಲೂ ತಳದಲ್ಲೇ ಇರಬೇಕು. ಫ್ಯಾನನ್ನು ಅಡ್ಡ ಮಲಗಿಸಿ ಇಟ್ಟರೆ ಆ ತೂತು ಪಕ್ಕಕ್ಕೋ ಮೇಲಕ್ಕೋ ಹೋಗಿರುತ್ತದೆ, ಆಗ ನೀರು ಇಳಿಯುವ ಬದಲು ಒಳಗೇ ನಿಲ್ಲುತ್ತದೆ. ಮೋಟಾರಿನೊಳಗೆ ಹೀಟರ್ ಇದ್ದರೆ ಅದಕ್ಕೆ ಮೊದಲ ದಿನವೇ ಕರೆಂಟ್ ಕೊಡಿ. ಹೀಟರ್ ಇಟ್ಟಿರುವುದೇ ಮೋಟಾರ್ ನಿಂತಿದ್ದಾಗ ವೈಂಡಿಂಗ್ ಬೆಚ್ಚಗಿರಲಿ ಅಂತ. ಆದರೂ ಅದಕ್ಕೆ ವೈರ್ ಎಳೆಯೋದು ಎಲ್ಲಕ್ಕಿಂತ ಕೊನೆಯ ಕೆಲಸವಾಗಿಬಿಡುತ್ತದೆ.

ಇಡುವಾಗ ಒಮ್ಮೆ, ಆಮೇಲೆ ಕೆಲವು ತಿಂಗಳಿಗೊಮ್ಮೆ, ಚಾಲೂ ಮಾಡುವ ಮೊದಲು ಮತ್ತೊಮ್ಮೆ ಮೆಗ್ಗರ್ (ವೈಂಡಿಂಗಿನ ಇನ್ಸುಲೇಶನ್ ಎಷ್ಟು ಗಟ್ಟಿಯಿದೆ ಅಂತ ಅಳೆಯುವ ಮೀಟರ್) ಹಾಕಿ. ಲೋ ವೋಲ್ಟೇಜಿನ ಮಾಮೂಲಿ ಮೂರು ಫೇಸ್ ಮೋಟಾರಿಗೆ 500 ವೋಲ್ಟ್ ಡಿಸಿ ಸಾಕು. 5 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಕರೆಂಟ್ ಕೊಡಬೇಡಿ, ಮೊದಲು ಒಣಗಿಸಿ. ಬಿಸಿ ಇದ್ದಾಗ ರೀಡಿಂಗ್ ಕಡಿಮೆ ಬರುತ್ತದೆ. ವೈಂಡಿಂಗಿನ ಬಿಸಿ 10 ಡಿಗ್ರಿ ಏರಿದರೆ ರೀಡಿಂಗ್ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ನೆನಪಿರಲಿ. ಹಾಗಾಗಿ ರೀಡಿಂಗ್ ಜೊತೆ ಆವತ್ತಿನ ಬಿಸಿಯನ್ನೂ ಬರೆದಿಡಿ, ಇಲ್ಲದಿದ್ದರೆ ಹೋದ ಸಲದ ನಂಬರಿಗೂ ಈ ಸಲದ ನಂಬರಿಗೂ ಹೋಲಿಕೆ ಮಾಡೋಕೆ ಆಗುವುದಿಲ್ಲ. ವಿಎಫ್‌ಡಿ (ಮೋಟಾರಿನ ಸ್ಪೀಡ್ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್) ಜೋಡಿಸಿ ಆಗಿದ್ದರೆ ಮೆಗ್ಗರ್ ಹಾಕುವ ಮೊದಲು ಅದರ ವೈರ್ ಬಿಚ್ಚಿ, ಇಲ್ಲ ಅಂದರೆ ವಿಎಫ್‌ಡಿ ಸುಟ್ಟುಹೋಗುತ್ತದೆ.

ಬೆಲ್ಟಿನ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಬಿಗಿಯಾಗಿ ಹಾಕಿಯೇ ಇಟ್ಟರೆ ಬೆಲ್ಟೂ ಆಕಾರ ಕೆಡುತ್ತದೆ, ಬೇರಿಂಗಿನ ಮೇಲೂ ಸುಮ್ನೆ ಭಾರ. ತೆಗೆದು, ಬಿಸಿಲು ತಾಗದ ಕಡೆ, ಚೂಪಾಗಿ ಮಡಚದೆ ಇಡಿ. ಗ್ರೀಸ್ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ಒಳಗೆ ಇರುವುದು ಯಾವ ಗ್ರೀಸ್ ಅಂತ ತಿಳಿಯದೆ ಮೇಲಿನಿಂದ ಇನ್ನೊಂದನ್ನು ತುಂಬಬೇಡಿ. ಲಿಥಿಯಂ ಗ್ರೀಸೂ ಪಾಲಿಯೂರಿಯಾ ಗ್ರೀಸೂ ಸಾಮಾನ್ಯವಾಗಿ ಒಂದಕ್ಕೊಂದು ಹೊಂದುವುದಿಲ್ಲ, ಬೆರೆತರೆ ನೀರಾಗಿ ಹರಿದು ಹೋಗಬಹುದು ಅಥವಾ ಗಟ್ಟಿಯಾಗಬಹುದು. ಹಾಗೆಯೇ ತೇವ ಬರದಿರಲಿ ಅಂತ ಬೇರಿಂಗ್ ಮನೆಯನ್ನು ಪೂರ್ತಿ ತುಂಬಿಸಿ ಇಟ್ಟಿದ್ದರೆ, ಚಾಲೂ ಮಾಡುವ ಮೊದಲು ಜಾಸ್ತಿ ಇರುವುದನ್ನು ತೆಗೆಯಲೇಬೇಕು. ತುಂಬಿದ ಬೇರಿಂಗ್ ಗ್ರೀಸನ್ನೇ ಕಡೆದು ಕಡೆದು ಬಿಸಿಯಾಗುತ್ತದೆ.

ಇನ್ನು ಎತ್ತುವುದು. ಫ್ಯಾನನ್ನು ಅದಕ್ಕೆಂದೇ ಕೊಟ್ಟಿರುವ ಕೊಂಡಿಗಳಿಂದ ಮಾತ್ರ ಎತ್ತಬೇಕು. ಮೋಟಾರಿನ ತಲೆ ಮೇಲಿರುವ ಕೊಂಡಿ ಮೋಟಾರ್ ಎತ್ತೋಕೆ, ಇಡೀ ಫ್ಯಾನಿಗಲ್ಲ. ಶಾಫ್ಟಿಗೆ ಸ್ಲಿಂಗ್ ಹಾಕಿ ಎತ್ತುವುದನ್ನು ನೋಡಿದರೆ ದಯವಿಟ್ಟು ಆ ಕ್ಷಣವೇ ನಿಲ್ಲಿಸಿ. ಶಾಫ್ಟ್ ಕಣ್ಣಿಗೆ ಕಾಣದಷ್ಟು ಬಾಗಿದರೂ ಆಮೇಲೆ ಅದನ್ನು ಯಾವ ಬ್ಯಾಲೆನ್ಸಿಂಗೂ ಪೂರ್ತಿ ಸರಿ ಮಾಡುವುದಿಲ್ಲ. ಇಂಪೆಲ್ಲರನ್ನು ನೆಲದ ಮೇಲೆ ಉರುಳಿಸಿಕೊಂಡು ಹೋಗುವುದೂ ಅಷ್ಟೇ ಕೆಟ್ಟದ್ದು.

ಕೂರಿಸುವ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕಾಲುಗಳು. ಫ್ಯಾನಿಗೆ, ಮೋಟಾರಿಗೆ, ಬೇರಿಂಗ್ ಬ್ಲಾಕಿಗೆ ಎಲ್ಲಕ್ಕೂ ಕಾಲುಗಳಿವೆ. ನೆಲಕ್ಕೆ ಕಾಂಕ್ರೀಟ್ ಫೌಂಡೇಶನ್ ಹಾಕುವುದಾದರೆ ಅದರ ತೂಕ ಯಂತ್ರದ ಒಟ್ಟು ತೂಕದ ಮೂರು ಪಟ್ಟಾದರೂ ಇರಲಿ ಅನ್ನುವುದು ಹಳೆಯ ರೂಢಿಯ ಲೆಕ್ಕ. ಅದನ್ನು ಎಲ್ಲರೂ ಪಾಲಿಸುತ್ತಾರೆ, ಲೆವೆಲ್ಲೂ ನೋಡುತ್ತಾರೆ. ಆಮೇಲೆ ನಾಲ್ಕು ಕಾಲಿನಲ್ಲಿ ಮೂರು ಕೂತು ನಾಲ್ಕನೆಯದು ಸ್ವಲ್ಪ ಎದ್ದಿದ್ದರೆ, ಬೋಲ್ಟ್ ಬಿಗಿ ಮಾಡಿ ಎಳೆದು ಕೂರಿಸಿಬಿಡುತ್ತಾರೆ. ನೋಡೋಕೆ ಕೂತಂತೆ ಕಾಣುತ್ತದೆ. ಆದರೆ ಅಲ್ಲಿ ಬಾಗಿದ್ದು ಫೌಂಡೇಶನ್ ಅಲ್ಲವಲ್ಲ, ಫ್ರೇಮು. ಫ್ರೇಮ್ ಬಾಗಿದರೆ ಬೇರಿಂಗುಗಳು ಒಂದೇ ಗೆರೆಯಲ್ಲಿ ಉಳಿಯುವುದಿಲ್ಲ, ಮೋಟಾರಿನ ಒಳಗಿನ ಗಾಳಿಸಂದು (ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವಿನ ಜಾಗ) ಒಂದು ಕಡೆ ಕಿರಿದಾಗುತ್ತದೆ, ಅಲೈನ್‌ಮೆಂಟ್ ಎಷ್ಟು ಮಾಡಿದರೂ ನಿಲ್ಲುವುದಿಲ್ಲ.

ಇದನ್ನು ಹಿಡಿಯೋದು ಕಷ್ಟವಲ್ಲ. ಎಲ್ಲ ಬೋಲ್ಟ್ ಬಿಗಿ ಮಾಡಿ. ಒಂದು ಕಾಲಿನ ಮೇಲೆ ಡಯಲ್ ಗೇಜಿನ (ಕೂದಲೆಳೆಯಷ್ಟು ಚಲನೆಯನ್ನೂ ಮುಳ್ಳಿನಲ್ಲಿ ತೋರಿಸುವ ಮೀಟರ್) ತುದಿ ಇಟ್ಟು ಮುಳ್ಳನ್ನು ಸೊನ್ನೆಗೆ ತನ್ನಿ. ಈಗ ಆ ಕಾಲಿನ ಬೋಲ್ಟ್ ಮಾತ್ರ ಸಡಿಲಿಸಿ. ಮುಳ್ಳು 0.05 ಮಿಲಿಮೀಟರಿಗಿಂತ ಜಾಸ್ತಿ ಓಡಿದರೆ ಆ ಕಾಲು ಸುಳ್ಳು ಕಾಲು. ಫೀಲರ್ ಗೇಜಿನಿಂದ ಸಂದು ಅಳೆದು ಅಷ್ಟೇ ದಪ್ಪದ ಶಿಮ್ (ತೆಳು ಲೋಹದ ಹಾಳೆ) ಹಾಕಿ, ಬೋಲ್ಟ್ ಮತ್ತೆ ಬಿಗಿ ಮಾಡಿ, ಮುಂದಿನ ಕಾಲಿಗೆ ಹೋಗಿ. ಸಂದು ಒಂದು ಅಂಚಿನಲ್ಲಿ ಮಾತ್ರ ಇದ್ದರೆ ಚಪ್ಪಟೆ ಶಿಮ್ ಸಾಲದು, ಅದಕ್ಕೆ ಓರೆಯಾಗಿ ಕತ್ತರಿಸಿದ ಶಿಮ್ ಬೇಕು. ತುಕ್ಕು ಹಿಡಿದ ತಗಡಿನ ಚೂರುಗಳನ್ನು ಒಂದರ ಮೇಲೊಂದು ತುರುಕುವುದು ಬೇಡ, ಅವು ಕೆಲವೇ ದಿನದಲ್ಲಿ ಅಮುಕಿಕೊಂಡು ಮತ್ತೆ ಸಡಿಲವಾಗುತ್ತವೆ. ಇಡೀ ಕೆಲಸಕ್ಕೆ ಅರ್ಧ ದಿನ ಹೋದರೂ ಹೋಗಲಿ.

ಕಾಲು ಕೂತ ಮೇಲೆ ಇನ್‌ಲೆಟ್ ಕೋನ್ ನೋಡಿ. ಸೆಂಟ್ರಿಫ್ಯೂಗಲ್ ಫ್ಯಾನಿನಲ್ಲಿ (ಗಾಳಿ ನಡುವಿನಿಂದ ಬಂದು ಇಂಪೆಲ್ಲರಿನ ಅಂಚಿನ ಕಡೆಗೆ ಎಸೆಯಲ್ಪಡುವ ಫ್ಯಾನ್), ಗಾಳಿಯನ್ನು ಒಳಗೆ ತರುವ ಆ ಕೋನಿನ ತುದಿ ಇಂಪೆಲ್ಲರಿನ ಬಾಯೊಳಗೆ ಸ್ವಲ್ಪ ಹೋಗಿರುತ್ತದೆ, ಸುತ್ತಲೂ ಸಣ್ಣ ಸಂದು ಇರುತ್ತದೆ. ಆ ಸಂದು ಎಲ್ಲ ಕಡೆ ಒಂದೇ ಸಮ ಇರಬೇಕು. ಸಾಗಿಸುವಾಗ ಕೇಸಿಂಗಿಗೆ ಪೆಟ್ಟು ಬಿದ್ದಿದ್ದರೆ, ಅಥವಾ ಗೋಡೌನಿನಲ್ಲಿ ಅದರ ಮೇಲೆ ಯಾರೋ ಪೈಪು ಪೇರಿಸಿದ್ದರೆ, ಅದು ಇಲ್ಲಿ ಗೊತ್ತಾಗುತ್ತದೆ. ಇಂಪೆಲ್ಲರನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಾ ಕಿವಿ ಹತ್ತಿರ ಇಟ್ಟು ಕೇಳಿ, ಎಲ್ಲಾದರೂ ಉಜ್ಜಿದರೆ ತಿಳಿಯುತ್ತದೆ. ಸಂದು ಜಾಸ್ತಿಯಾದರೂ ನಷ್ಟವೇ, ಇಂಪೆಲ್ಲರ್ ದೂಡಿದ ಗಾಳಿ ಅಲ್ಲಿಂದಲೇ ವಾಪಸ್ ಬಂದು ಸುತ್ತುತ್ತಿರುತ್ತದೆ.

ಶಾಫ್ಟಿನ ಎರಡು ಬೇರಿಂಗಿನಲ್ಲಿ ಒಂದನ್ನು ಬಿಗಿಯಾಗಿ ಹಿಡಿಸಿ, ಇನ್ನೊಂದಕ್ಕೆ ಸ್ವಲ್ಪ ಸರಿಯುವ ಅವಕಾಶ ಕೊಟ್ಟಿರುತ್ತಾರೆ. ಬಿಸಿಯಾದಾಗ ಶಾಫ್ಟ್ ಉದ್ದವಾಗುತ್ತದೆ, ಅದು ಎಲ್ಲಾದರೂ ಹೋಗಬೇಕಲ್ವಾ. ಯಾರಾದರೂ ಎರಡನ್ನೂ ಬಿಗಿ ಮಾಡಿಬಿಟ್ಟರೆ ಆ ಒತ್ತಡ ಬೇರಿಂಗಿನ ಮೇಲೇ ಬೀಳುತ್ತದೆ. ಬೆಲ್ಟನ್ನು ಸ್ಕ್ರೂಡ್ರೈವರ್ ಹಾಕಿ ಪುಲ್ಲಿ ಮೇಲೆ ಹತ್ತಿಸಬೇಡಿ, ಮೋಟಾರನ್ನು ಹತ್ತಿರಕ್ಕೆ ಸರಿಸಿ ಹಾಕಿ. ಎರಡೂ ಪುಲ್ಲಿಗಳು ಒಂದೇ ಗೆರೆಯಲ್ಲಿವೆಯಾ ಅಂತ ದಾರ ಎಳೆದು ನೋಡಿ. ಬಿಗಿತಕ್ಕೆ, ತಯಾರಕರು ಹೇಳಿದ ಬಲದಲ್ಲಿ ಬೆಲ್ಟಿನ ನಡುವೆ ಒತ್ತಿದಾಗ, ಎರಡು ಪುಲ್ಲಿಗಳ ನಡುವಿನ ಒಂದು ಮೀಟರಿಗೆ ಸುಮಾರು 16 ಮಿಲಿಮೀಟರ್ ಬಗ್ಗಬೇಕು.

ಈಗ ಡಕ್ಟ್. ಇಲ್ಲಿ ನನಗೆ ನಿಜಕ್ಕೂ ಬೇಸರವಾಗುತ್ತದೆ, ಯಾಕೆಂದರೆ ಒಳ್ಳೆಯ ಫ್ಯಾನ್ ತಂದು, ಸರಿಯಾಗಿ ಇಟ್ಟು, ಸರಿಯಾಗಿ ಕೂರಿಸಿ, ಕೊನೆಗೆ ಜಾಗ ಸಾಲಲಿಲ್ಲ ಅಂತ ಫ್ಯಾನಿನ ಬಾಯಿಗೇ ಒಂದು ಬೆಂಡ್ (ತಿರುವಿನ ಡಕ್ಟ್) ಜೋಡಿಸಿಬಿಡುತ್ತಾರೆ. ಫ್ಯಾನಿನ ಜೊತೆ ಬರುವ ಕರ್ವ್ (ಎಷ್ಟು ಒತ್ತಡಕ್ಕೆ ಎಷ್ಟು ಗಾಳಿ ಕೊಡುತ್ತದೆ ಅನ್ನುವ ಗ್ರಾಫ್) ಇದೆಯಲ್ಲ, ಅದನ್ನು ಅಳೆಯುವಾಗ ಗಾಳಿ ನೇರವಾಗಿ, ಸಮನಾಗಿ ಒಳಗೆ ಬರುವಂತೆ ಮಾಡಿರುತ್ತಾರೆ. ಬಾಯಿಗೇ ಬೆಂಡ್ ಇಟ್ಟರೆ ಗಾಳಿ ಒಂದು ಪಕ್ಕಕ್ಕೆ ಒತ್ತಿಕೊಂಡು ಸುತ್ತುತ್ತಾ ಬರುತ್ತದೆ. ಇಂಪೆಲ್ಲರಿನ ಒಂದು ಭಾಗಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಗಾಳಿ ಕಡಿಮೆಯಾಗುತ್ತದೆ, ಸದ್ದು ಜಾಸ್ತಿಯಾಗುತ್ತದೆ, ಬ್ಲೇಡುಗಳು ಪ್ರತಿ ಸುತ್ತಿಗೂ ಪೆಟ್ಟು ತಿನ್ನುತ್ತವೆ. ಇನ್‌ಲೆಟ್ ಕಡೆ ಡಕ್ಟಿನ ವ್ಯಾಸದ ಮೂರರಿಂದ ಐದು ಪಟ್ಟು ಉದ್ದದ ನೇರ ಡಕ್ಟ್ ಇರಲಿ. ಔಟ್‌ಲೆಟ್ ಕಡೆ, ಗಾಳಿಯ ವೇಗ ಸೆಕೆಂಡಿಗೆ 12.5 ಮೀಟರ್ ತನಕ ಇದ್ದರೆ ವ್ಯಾಸದ ಎರಡೂವರೆ ಪಟ್ಟು, ಅದಕ್ಕಿಂತ ಮೇಲೆ ವೇಗ ಸೆಕೆಂಡಿಗೆ 5 ಮೀಟರ್ ಏರಿದಾಗಲೆಲ್ಲ ಇನ್ನೊಂದು ಪಟ್ಟು ಸೇರಿಸಿ. ಜಾಗವೇ ಇಲ್ಲದಿದ್ದರೆ ಬೆಂಡಿನೊಳಗೆ ಗಾಳಿ ತಿರುಗಿಸುವ ಪಟ್ಟಿಗಳನ್ನಾದರೂ ಹಾಕಿಸಿ.

ಗಾಳಿ ಸಾಲುತ್ತಿಲ್ಲ ಅಂತ ಆಮೇಲೆ ಪುಲ್ಲಿ ಬದಲಿಸಿ ಸ್ಪೀಡ್ ಏರಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಸ್ಪೀಡ್ ಶೇಕಡಾ 10 ಏರಿಸಿದರೆ ಗಾಳಿ ಶೇಕಡಾ 10 ಏರುತ್ತದೆ, ಪವರ್ ಮಾತ್ರ ಶೇಕಡಾ 33 ಏರುತ್ತದೆ. ಒಂದು ಬೆಂಡಿನ ತಪ್ಪಿಗೆ ಫ್ಯಾನ್ ಇರುವಷ್ಟು ದಿನವೂ ಕರೆಂಟ್ ಬಿಲ್ ಕಟ್ಟಬೇಕು. ಇಂಪೆಲ್ಲರ್ ತಡೆಯುವ ಸ್ಪೀಡಿಗೂ ಒಂದು ಮಿತಿ ಇದೆ, ಅದನ್ನು ತಯಾರಕರನ್ನು ಕೇಳದೆ ಮೀರಬಾರದು.

ಡಕ್ಟಿನ ಭಾರ ಫ್ಯಾನಿನ ಮೇಲೆ ಬೀಳಬಾರದು. ಡಕ್ಟಿಗೆ ಅದರದೇ ಆಸರೆ ಇರಲಿ, ಫ್ಯಾನಿಗೂ ಡಕ್ಟಿಗೂ ನಡುವೆ ಕ್ಯಾನ್ವಾಸ್ ಜೋಡಣೆ ಇರಲಿ. ಆ ಕ್ಯಾನ್ವಾಸ್ ತೀರಾ ಎಳೆದೂ ಇರಬಾರದು, ಒಳಗೆ ಹೀರಿಕೊಂಡು ದಾರಿ ಕಟ್ಟುವಷ್ಟು ಸಡಿಲವೂ ಇರಬಾರದು. ಎರಡು ಬಾಯಿ ಒಂದಕ್ಕೊಂದು ಸರಿಯಾಗಿ ಎದುರಾಗದಿದ್ದರೆ ಬೋಲ್ಟ್ ಹಾಕಿ ಎಳೆಯಬೇಡಿ, ಡಕ್ಟ್ ಸರಿ ಮಾಡಿಸಿ.

ಚಾಲೂ ಮಾಡುವ ಮೊದಲು ಟಾರ್ಚ್ ಹಿಡಿದು ಕೇಸಿಂಗ್ ಮತ್ತು ಡಕ್ಟಿನೊಳಗೆ ಒಮ್ಮೆ ನೋಡಿ. ವೆಲ್ಡಿಂಗ್ ರಾಡಿನ ತುಂಡು, ಬಟ್ಟೆ, ನಟ್ಟು, ಸ್ಪ್ಯಾನರ್ ಏನಾದರೂ ಸಿಗುತ್ತದೆ. ಒಳಗೆ ಕೈ ಹಾಕುವಾಗ ಮೈನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲಿರಲಿ. ಅಷ್ಟೇ ಸಾಲದು. ಡಕ್ಟಿನಲ್ಲಿ ಗಾಳಿ ಎಳೆದರೆ ಕರೆಂಟ್ ಇಲ್ಲದೆಯೂ ಇಂಪೆಲ್ಲರ್ ತಿರುಗುತ್ತದೆ, ಬೆರಳು ಹೋಗೋಕೆ ಅಷ್ಟು ಸಾಕು. ಮರದ ತುಂಡು ಕೊಟ್ಟು ಇಂಪೆಲ್ಲರನ್ನು ತಡೆದೇ ಕೈ ಹಾಕಿ, ಕೆಲಸ ಮುಗಿದ ಮೇಲೆ ಆ ತುಂಡನ್ನು ಮರೆಯದೆ ತೆಗೆಯಿರಿ. ಬೆಲ್ಟ್ ಗಾರ್ಡ್ ಹಾಕದೆ ಟ್ರಯಲ್ ಕೂಡ ಬೇಡ.

ತಿರುಗುವ ದಿಕ್ಕು ನೋಡೋಕೆ ಒಂದು ಕ್ಷಣ ಆನ್ ಮಾಡಿ ಆಫ್ ಮಾಡಿ. ಸೆಂಟ್ರಿಫ್ಯೂಗಲ್ ಫ್ಯಾನ್ ಉಲ್ಟಾ ತಿರುಗಿದರೂ ಗಾಳಿ ಅದೇ ಬಾಯಿಂದಲೇ ಬರುತ್ತದೆ, ಕಡಿಮೆ ಬರುತ್ತದೆ ಅಷ್ಟೇ. ಹಾಗಾಗಿ ಗಾಳಿ ಬರ್ತಿದೆ ಅಂತ ಸಮಾಧಾನ ಮಾಡಿಕೊಂಡು ತಿಂಗಳುಗಟ್ಟಲೆ ಉಲ್ಟಾ ಓಡಿಸಿದವರಿದ್ದಾರೆ. ಕೇಸಿಂಗಿನ ಮೇಲಿನ ಬಾಣ ನೋಡಿ. ಹಿಂದಕ್ಕೆ ವಾಲಿದ ಬ್ಲೇಡಿನ ಇಂಪೆಲ್ಲರ್ ಆದರೆ ಬ್ಲೇಡಿನ ತುದಿಗಳು ತಿರುಗುವ ದಿಕ್ಕಿಗೆ ಬೆನ್ನು ಹಾಕಿರಬೇಕು, ಗಾಳಿಯನ್ನು ಬಾಚುವ ಹಾಗೆ ಮುಂದಕ್ಕಲ್ಲ. ಉಲ್ಟಾ ಇದ್ದರೆ ಮೂರರಲ್ಲಿ ಯಾವುದಾದರೂ ಎರಡು ಫೇಸ್ ಅದಲು ಬದಲು ಮಾಡಿದರೆ ಆಯಿತು.

ಸೆಂಟ್ರಿಫ್ಯೂಗಲ್ ಫ್ಯಾನನ್ನು ಡ್ಯಾಂಪರ್ (ಡಕ್ಟಿನಲ್ಲಿ ಗಾಳಿ ತಡೆಯುವ ಬಾಗಿಲು) ಮುಚ್ಚಿ ಶುರು ಮಾಡಿ, ಪೂರ್ತಿ ಸ್ಪೀಡಿಗೆ ಬಂದ ಮೇಲೆ ನಿಧಾನ ತೆರೆಯಿರಿ. ಗಾಳಿಯನ್ನು ಶಾಫ್ಟಿನ ದಿಕ್ಕಿನಲ್ಲೇ ನೇರ ದೂಡುವ ಆಕ್ಸಿಯಲ್ ಫ್ಯಾನಿಗೆ ಇದು ಉಲ್ಟಾ, ಅದನ್ನು ತೆರೆದೇ ಶುರು ಮಾಡಬೇಕು. ಬಿಸಿ ಗಾಳಿಯ ಫ್ಯಾನಿಗಂತೂ ಡ್ಯಾಂಪರ್ ಬೇಕೇ ಬೇಕು. 300 ಡಿಗ್ರಿಯ ಗಾಳಿಗಿಂತ 20 ಡಿಗ್ರಿಯ ಗಾಳಿ ಸುಮಾರು ಎರಡು ಪಟ್ಟು ಭಾರ. ಅಂದರೆ ತಣ್ಣಗಿರುವಾಗ ಅದೇ ಫ್ಯಾನ್ ಸುಮಾರು ಎರಡು ಪಟ್ಟು ಪವರ್ ಕೇಳುತ್ತದೆ, ಡ್ಯಾಂಪರ್ ಪೂರ್ತಿ ತೆರೆದಿದ್ದರೆ ಮೋಟಾರ್ ಟ್ರಿಪ್ ಆಗುತ್ತದೆ.

ಓಡೋಕೆ ಶುರುವಾದ ಮೇಲೆ ಮೂರು ಫೇಸಿನ ಕರೆಂಟನ್ನೂ ಅಳೆದು ನೇಮ್ ಪ್ಲೇಟಿನ ಜೊತೆ ಹೋಲಿಸಿ. ಬೇರಿಂಗಿನ ಬಿಸಿ ಮೊದಲ ಕೆಲವು ಗಂಟೆ ಏರಿ ಆಮೇಲೆ ಒಂದು ಕಡೆ ನಿಲ್ಲಬೇಕು, ಏರುತ್ತಲೇ ಹೋದರೆ ಆಫ್ ಮಾಡಿ. ಗಟ್ಟಿ ಫೌಂಡೇಶನ್ ಮೇಲೆ ಕೂತ ಮಾಮೂಲಿ ಇಂಡಸ್ಟ್ರಿಯಲ್ ಫ್ಯಾನಿಗೆ ಶುರುವಿನಲ್ಲಿ ವೈಬ್ರೇಶನ್ ಸೆಕೆಂಡಿಗೆ 4.5 ಮಿಲಿಮೀಟರ್ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಒಳಗಿರಬೇಕು ಅಂತ ಫ್ಯಾನ್‌ಗಳ ಅಂತಾರಾಷ್ಟ್ರೀಯ ಮಾನದಂಡ ಐಎಸ್ಓ 14694 ಹೇಳುತ್ತದೆ. ಎರಡೂ ಬೇರಿಂಗಿನಲ್ಲಿ ಅಡ್ಡ, ಉದ್ದ, ಮೇಲೆ ಕೆಳಗೆ, ಮೂರೂ ಕಡೆ ಅಳೆಯಿರಿ.

ಒಂದು ದಿನ ಓಡಿದ ಮೇಲೆ ನಿಲ್ಲಿಸಿ ಬೆಲ್ಟ್ ಮತ್ತೆ ಬಿಗಿ ಮಾಡಿ, ಹೊಸ ಬೆಲ್ಟ್ ಹಿಗ್ಗಿಯೇ ಹಿಗ್ಗುತ್ತದೆ. ಫೌಂಡೇಶನ್ ಬೋಲ್ಟು, ಪುಲ್ಲಿಯ ಬುಷ್, ಇಂಪೆಲ್ಲರಿನ ಸ್ಕ್ರೂ ಎಲ್ಲಕ್ಕೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ಆವತ್ತಿನ ಕರೆಂಟು, ಬಿಸಿ, ವೈಬ್ರೇಶನ್ ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದು ಫ್ಯಾನಿನ ಫೈಲಿಗೆ ಹಾಕಿ. ಎರಡು ವರ್ಷ ಬಿಟ್ಟು ಯಾರಾದರೂ ಬಂದು ಇದು ಮೊದಲಿಂದಲೂ ಹೀಗೇ ನಡುಗುತ್ತಿತ್ತು ಅಂದಾಗ, ಆ ಹಾಳೆ ತೆಗೆದು ನೋಡಿದರೆ ನಿಜ ಏನು ಅಂತ ತಿಳಿಯುತ್ತದೆ.